ಗುರುವಾರ ಹಿಡಿದರೆ ಶನಿವಾರ ಸಿಗುತ್ತೆ: ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕ್ ಕ್ಯಾಂಪಿಂಗ್, ನನ್ನ ಲೆಕ್ಕ

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದವರಿಗೆ ಬೇಸಿಗೆಯ ಶನಿವಾರ ಸಮುದ್ರದ ಪಕ್ಕ ಟೆಂಟ್ ಹಾಕೋಕೆ ಸೈಟ್ ಸಿಗೋದು ಹಣೆಬರಹ ಚೆನ್ನಾಗಿದ್ದರೆ ಮಾತ್ರ ಅಂತ ನಮ್ಮ ಕನ್ನಡ ಬಳಗದಲ್ಲಿ ಎಲ್ಲರ ಮಾತು. ಒಂದು ದಿನ ಮುಂಚೆ, ಗುರುವಾರವೇ ಹೋಗಿ ಇಳಿಯುವ ನನ್ನ ಉಪಾಯ ಹೇಳಿದಾಗ ನಕ್ಕರು. "ಒಬ್ಬನೇ ಹೋಗಿ ಮಲಗೋಕೆ 35 ಡಾಲರಾ ಮಾರಾಯ?" ಈಗ ಅವರೇ ಫೋನ್ ಮಾಡಿ ಮುಂದಿನ ಸಲ ಯಾವಾಗ ಅಂತ ಕೇಳುತ್ತಾರೆ.

ಆರು ತಿಂಗಳು ಮುಂಚೆ ಬೆಳಿಗ್ಗೆ 8ಕ್ಕೆ ಬುಕಿಂಗ್ ತೆರೆಯುವುದು ನಿಮಗೆ ಗೊತ್ತೇ ಇದೆ. ಮೊದಲ ವರ್ಷ ನಾನೂ ಎಲ್ಲರಂತೆ ಶುಕ್ರವಾರದ ಸೈಟ್‌ಗೆ ಕಾದು ಕೂತೆ. ಎರಡು ಲ್ಯಾಪ್‌ಟಾಪ್, ಹೆಂಡತಿಯ ಫೋನ್, ಎಲ್ಲ ಸಿದ್ಧ. 8 ಹೊಡೆಯಿತು, ಕ್ಯಾಪಿಟೋಲಾ ಊರಿನ ಕಡಲತೀರದ ನ್ಯೂ ಬ್ರೈಟನ್ ಪಾರ್ಕ್ ಭರ್ತಿ. ಸೈಟ್‌ಗಳೂ ಮೊದಲಿನಷ್ಟಿಲ್ಲ ಬಿಡಿ. 2020ರ ಕಾಡ್ಗಿಚ್ಚಿಗೆ ಬಿಗ್ ಬೇಸಿನ್ ಪಾರ್ಕ್ ಸುಟ್ಟುಹೋಯಿತು. 2023ರ ಜನವರಿಯ ಬಿರುಗಾಳಿಗೆ ಸೀಕ್ಲಿಫ್ ಪಾರ್ಕ್‌ನ ಕಡಲಂಚಿನ ಸೈಟ್‌ಗಳು ಹಾಳಾದವು. ಅಲ್ಲಿಗೆ ಹೋಗುತ್ತಿದ್ದ ಜನವೆಲ್ಲ ಉಳಿದ ಪಾರ್ಕ್‌ಗಳಿಗೇ ಮುಗಿಬೀಳುತ್ತಾರೆ.

ಆಮೇಲೆ ಹೊಳೆಯಿತು. ಆರು ತಿಂಗಳ ಲೆಕ್ಕ ನಾವು ಹೋಗಿ ಇಳಿಯುವ ದಿನಕ್ಕೆ. ಗುರುವಾರ ಬಂದು ಭಾನುವಾರ ಬಿಡುತ್ತೇನೆ ಅಂತ ಹಾಕಿದರೆ, ಶುಕ್ರವಾರದವರು ಲಾಗಿನ್ ಆಗುವ ಹಿಂದಿನ ದಿನವೇ ಶುಕ್ರ, ಶನಿ ಎರಡೂ ನಮ್ಮ ಕೈಯಲ್ಲಿ. ಆದರೆ ಗುರುವಾರ ಸುಮ್ನೆ ಹೋಗದೆ ಬಿಡಬೇಡಿ, ಸೈಟ್ ಕೈತಪ್ಪಬಹುದು. ನಾನು ಆಫೀಸ್ ಮುಗಿಸಿ ಕಡಲ ಕಡೆಗೆ ಹೋಗುವ ಬೆಟ್ಟದ ರಸ್ತೆ ಹೈವೇ 17 ದಾಟಿ ಟೆಂಟ್ ಹಾಕಿಬಿಡುತ್ತೇನೆ. ಶುಕ್ರವಾರ ಅಲ್ಲೇ ಮರದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ. ಸಂಜೆ ಉಳಿದವರು ಬರುತ್ತಾರೆ.

ಇದೇ ಉಪಾಯ ಕಾಡಿನೊಳಗಿನ ಬ್ಯುಟಾನೊ ಪಾರ್ಕ್‌ನಲ್ಲಿ ನಡೆಯಲಿಲ್ಲ. ಸೈಟ್ ಸಿಕ್ಕಿತು, ಸಿಗ್ನಲ್ ಸಿಗಲಿಲ್ಲ. ಶುಕ್ರವಾರ ರಜೆ ಹಾಕಬೇಕಾಯಿತು. ಸಾಲದ್ದಕ್ಕೆ ಬಾಡಿಗೆಗೆ ತಂದ ಟೆಂಟು ರಾತ್ರಿಯೆಲ್ಲ ತೊಟ್ಟಿಕ್ಕಿತು. ರೆಡ್‌ವುಡ್ ಕಾಡಿನ ಥಂಡಿ ಸುಮಾರಿನದಲ್ಲ.

ದುಡ್ಡಿಗೆ ಬರೋಣ. ಸೈಟ್‌ಗೆ ರಾತ್ರಿಗೆ 35 ಡಾಲರ್ ಆಸುಪಾಸು, ಕೆಲವು ಕಡೆ ಜಾಸ್ತಿ. ಬುಕಿಂಗ್ ಫೀಸು 8 ಡಾಲರ್ ಚಿಲ್ಲರೆ. ಎಷ್ಟು ರಾತ್ರಿ ಇದ್ದರೂ ಒಂದೇ ಫೀಸು, ಕ್ಯಾನ್ಸಲ್ ಮಾಡಿದರೆ ವಾಪಸ್ ಬರಲ್ಲ. ಹಾಗಾಗಿ ಮೂರು ರಾತ್ರಿ ಒಂದೇ ಬುಕಿಂಗ್‌ನಲ್ಲಿ ಹಾಕಿದರೆ 113 ಹತ್ತಿರ. ಎರಡು ಸಂಸಾರ, ಎಂಟು ಜನ, ತಲೆಗೆ 14 ಬಿತ್ತು. ಅದೇ ಕ್ಯಾಪಿಟೋಲಾದಲ್ಲಿ ಬೇಸಿಗೆ ಶನಿವಾರಕ್ಕೆ ನಾನು ನೋಡಿದ ಹೋಟೆಲ್ ರೂಮು ಒಂದೇ ರಾತ್ರಿಗೆ 300ರ ಮೇಲಿತ್ತು. ಜೇಬಿಗೆ ಕತ್ತರಿ ಹಾಕುವುದು ಮೇಲ್ಖರ್ಚು. ಇನ್ನೊಂದು ಕಾರು ತಂದರೆ ರಾತ್ರಿಗೆ 10 ಡಾಲರ್ ಹತ್ತಿರ ಬೇರೆ. ಸೌದೆ ಕಟ್ಟಿಗೂ ಅಷ್ಟೇ. ಮನೆಯಿಂದ ಸೌದೆ ತರಬೇಡಿ ಅಂತಾರೆ, ಅದರ ಜೊತೆ ಮರಕ್ಕೆ ಬರುವ ಹುಳ, ರೋಗ ಬರುತ್ತವೆ ಅಂತ. ಊರಿಂದ ಅಪ್ಪ ಅಮ್ಮ ಬಂದಿದ್ದಾಗ 62 ದಾಟಿದವರ ರಿಯಾಯಿತಿ ಅಂತ ರಾತ್ರಿಗೆ 2 ಡಾಲರ್ ಉಳಿಯಿತು. ಅಪ್ಪ ಅದನ್ನೇ ಊರೆಲ್ಲ ಹೇಳಿಕೊಂಡು ಬಂದರು!

ನಡುವೆ ಒಂದು ಅಡ್ಡ ಪ್ರಯೋಗ. ಬೆಂಕಿ ಗುಂಡಿಯಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡೋಣ ಅಂತ. ಮೊದಲು ಫಾಯಿಲ್‌ನಲ್ಲಿ ಸುತ್ತಿದೆ. ಬೆಂದಿತು, ಹೊಗೆಯ ವಾಸನೆಯೇ ಇಲ್ಲ. ಮುಂದಿನ ಸಲ ಎಣ್ಣೆ ಸವರಿ ನೇರ ಕೆಂಡದ ಮೇಲಿನ ಜಾಲರಿಗೇ ಇಟ್ಟೆ. ಸಿಪ್ಪೆ ಸಿಡಿದು, ರಸ ಕೆಂಡಕ್ಕೆ ತೊಟ್ಟಿಕ್ಕಿ ಚುರ್ ಅಂದಾಗ ತಿರುಗಿಸಬೇಕು. ಹುಣಸೆ, ಬೆಲ್ಲ, ಹಸಿಮೆಣಸು ಮನೆಯಿಂದಲೇ ಕಲಸಿಕೊಂಡು ಹೋಗಿದ್ದೆ. ಉಳಿದ ರೊಟ್ಟಿಯನ್ನು ತಿಂಡಿ ಇಡುವ ಲಾಕರ್‌ನಲ್ಲಿಡದೆ ಮೇಜಿನ ಮೇಲೆ ಬಿಟ್ಟವರಾರೋ, ರಕೂನ್‌ಗಳಿಗೆ ಹಬ್ಬ.

ಗುರುವಾರವೂ ತಪ್ಪಿತಾ? ಕ್ಯಾನ್ಸಲೇಶನ್ ಕಾಯಿರಿ. ದುಡ್ಡು ಕೊಟ್ಟು ಅಲರ್ಟ್ ಕಳಿಸುವ ಒಂದು ಸೇವೆಗೆ ಸೇರಿದ್ದೆ, ದಂಡ. ಬುಕಿಂಗ್ ವೆಬ್‌ಸೈಟ್‌ನಲ್ಲೇ ಇರುವ ಪುಕ್ಕಟೆ 'ನೋಟಿಫೈ ಮಿ' ಸಾಕು. ತಾರೀಖು ಹತ್ತಿರವಾದಷ್ಟೂ ಕ್ಯಾನ್ಸಲ್ ಮಾಡಿದವರಿಗೆ ನಷ್ಟ ಜಾಸ್ತಿ. ಹಾಗಾಗಿ ಜನ ಅದಕ್ಕೂ ಸ್ವಲ್ಪ ಮುಂಚೆ ಬಿಟ್ಟುಕೊಡುತ್ತಾರೆ. ಯಾವ ದಿನ, ಯಾವ ಹೊತ್ತಿಗೆ ನೋಡಬೇಕು ಅಂತ ಮಾತ್ರ ಹೇಳಲ್ಲ, ಹೇಳಿದರೆ ನನಗೇ ಸಿಗಲ್ಲ.

ನಾವು ಹಿಡಿಯುವ ಸೈಟ್ ನಂಬರನ್ನೂ ಕೇಳಬೇಡಿ. ಟಾಯ್ಲೆಟ್‌ಗೆ ಹತ್ತಿರ, ಆದರೆ ರಾತ್ರಿ ಅದರ ಬಾಗಿಲು ಬಡಿಯುವ ಸದ್ದು ಕೇಳದಷ್ಟು ದೂರ. ಇಷ್ಟೇ ಸುಳಿವು.