ಉದ್ದ ಪಿಸ್ಟನ್‌ಗೆ ಗಿಡ್ಡ ರಾಡ್: ನನ್ನ ರೋಡ್‌ಕಿಂಗ್ ಎಂಜಿನ್ ಕಟ್ಟಿದ್ದು ಹೀಗೆ

ಹೋದ ವಾರ ನನ್ನ ಯೆಜ್ದಿ ರೋಡ್‌ಕಿಂಗ್ ಬೈಕಿನ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಎತ್ತಿ ನೋಡಿದೆ. ನಾಲ್ಕು ಸಾವಿರ ಕಿಲೋಮೀಟರ್ ಓಡಿದೆ, ಪಿಸ್ಟನ್ ಮೇಲೆ ಒಂದು ಗೀರೂ ಇಲ್ಲ. "ಈ ಜೋಡಿ ನೂರು ಕಿಲೋಮೀಟರೂ ಬಾಳಲ್ಲ ಸಾರ್" ಅಂದವರಿಗೆ ಆ ಪಿಸ್ಟನ್ ಕೈಗೆ ಕೊಟ್ಟು ತೋರಿಸಿ ಬಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯೆಜ್ದಿ ತಯಾರಾಗುತ್ತಿದ್ದ ಮೈಸೂರು ಯಾದವಗಿರಿಯ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆಮೇಲೆ ಸಿಗುವುದು ಹೆಚ್ಚಾಗಿ ಬೇರೆ ಬೇರೆಯವರು ಮಾಡಿದ ಮಾಲು. ಪಿಸ್ಟನ್ ಡಬ್ಬಿ ಮೇಲೆ 65 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ) ಎಂದಿರುತ್ತದೆ, ಅದು ಸರಿಯಾಗಿಯೇ ಇರುತ್ತದೆ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗೆ ಎಷ್ಟು ಎತ್ತರ ಎಂದು ಮಾತ್ರ ಯಾರೂ ಬರೆಯುವುದಿಲ್ಲ. ನಾನು ತಂದದ್ದು ಹಳೆಯದಕ್ಕಿಂತ ಸುಮಾರು 0.9 ಮಿ.ಮೀ. ಎತ್ತರವಿತ್ತು. ಅಳೆಯದೇ ಹಾಕಿದೆ, ತಪ್ಪು ನನ್ನದೇ. ಚಾಮುಂಡಿ ಬೆಟ್ಟ ಹತ್ತುವಾಗ ಟಿಣ್ ಟಿಣ್ ಎಂದು ಬಡಿಯಲು ಶುರುವಾಯಿತು. ನಂದಿ ತಲುಪುವ ಮುಂಚೆಯೇ ಸೀಜ್, ಅಂದರೆ ಪಿಸ್ಟನ್ ಬಿಸಿಗೆ ಬೋರಿನಲ್ಲೇ ಕಚ್ಚಿ ನಿಂತಿತು.

ಎರಡನೇ ಸಲ ಲೇತ್‌ನವರ ಮಾತು ಕೇಳಿ ಪಿಸ್ಟನ್ ತಲೆಯನ್ನೇ ಒಂದು ಮಿ.ಮೀ. ಸವರಿಸಿದೆ. ಮೇಲಿನ ರಿಂಗ್ ಬೆಂಕಿಗೆ ಹತ್ತಿರವಾಯಿತು. ನಾನೂರು ಕಿಲೋಮೀಟರ್‌ಗೆ ರಿಂಗ್ ತಾನು ಕೂರುವ ತೋಡಿನಲ್ಲೇ ಅಂಟಿಕೊಂಡಿತು. ಮೂರನೇ ಸಲ ಬ್ಲಾಕ್ ಕೆಳಗೆ ಅಲ್ಯೂಮಿನಿಯಂ ತಗಡು ಕೊಟ್ಟು ಎತ್ತರಿಸಿದೆ. ಸಂದಿಯಲ್ಲಿ ಗಾಳಿ ಎಳೆಯಿತು, ಪೆಟ್ರೋಲ್-ಗಾಳಿ ಮಿಕ್ಸ್ಚರ್ ತೆಳುವಾಯಿತು, ನಂಜನಗೂಡು ರಸ್ತೆಯಲ್ಲಿ ಮತ್ತೆ ಸೀಜ್. ಬೋರಿಂಗ್, ಪಿಸ್ಟನ್, ಗ್ಯಾಸ್ಕೆಟ್ ಎಲ್ಲ ಸೇರಿ ಅಷ್ಟೊತ್ತಿಗೆ ಹದಿಮೂರು ಸಾವಿರ ಹೋಗಿತ್ತು. ಮನೆಯಲ್ಲಿ ಬರೀ ಒಂಬತ್ತು ಎಂದು ಹೇಳಿದ್ದೆ.

ಆಗ ಹೊಳೆದದ್ದು ಇಷ್ಟು. ಪಿಸ್ಟನ್ ಎತ್ತರವೊಂದೇ ಲೆಕ್ಕವಲ್ಲ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಎರಡು ಕಣ್ಣುಗಳ ನಡುವಿನ ಉದ್ದವನ್ನೂ ಅದಕ್ಕೆ ಸೇರಿಸಬೇಕು. ಆ ಮೊತ್ತ ಹಳೆಯ ಸೆಟ್‌ನ ಮೊತ್ತಕ್ಕೆ ಸಮ ಬಂದರೆ ಸಾಕು, ಅಲ್ವಾ? ಹಾಗಾದರೆ ಉದ್ದ ಪಿಸ್ಟನ್‌ಗೆ ಗಿಡ್ಡ ರಾಡ್ ಬೇಕು. ವರ್ನಿಯರ್ ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತಿದೆ. ಒಂದು ಕಡೆ "ಅಳತೆ ತಪ್ಪಿದ ಮಾಲು" ಎಂದು ಮೂಲೆಗೆ ಎಸೆದಿದ್ದ ರಾಡ್ ಕಿಟ್ ಸಿಕ್ಕಿತು. ಅಳೆದರೆ 0.8 ಮಿ.ಮೀ. ಗಿಡ್ಡ! ಆರುನೂರಕ್ಕೆ ಕೊಟ್ಟರು. ಉಳಿದ 0.1 ಕಾಗದದ ಗ್ಯಾಸ್ಕೆಟ್‌ನಲ್ಲೇ ಸರಿಹೋಯಿತು.

"ರಾಡ್ ಗಿಡ್ಡವಾದರೆ ಓರೆಯಾಗಿ ತಳ್ಳುತ್ತೆ, ಬೋರ್ ತಿಂದುಬಿಡುತ್ತೆ" ಎಂದು ಎಲ್ಲರೂ ಹೆದರಿಸಿದರು. ಅಷ್ಟುದ್ದದ ರಾಡಿನಲ್ಲಿ 0.8 ಯಾವ ಲೆಕ್ಕ? ನಿಜವಾದ ತೊಂದರೆ ಬೇರೆ ಇತ್ತು, ಅದನ್ನು ಯಾರೂ ಹೇಳಲಿಲ್ಲ. ಪಿನ್ ಕೆಳಗಿಳಿದಷ್ಟೂ ಪಿಸ್ಟನ್‌ನ ಕೆಳಗಿನ ಅಂಚೂ ಇಳಿಯುತ್ತದೆ. ಇಂಥ ಟೂ ಸ್ಟ್ರೋಕ್‌ನಲ್ಲಿ ಕಾರ್ಬುರೇಟರ್ ಕಡೆಯ ಪೋರ್ಟ್ (ಮಿಕ್ಸ್ಚರ್ ಒಳಬರುವ ಕಿಂಡಿ) ತೆರೆಯುವುದು ಆ ಅಂಚೇ. ಅದು ತಡವಾಗಿ ತೆರೆದು ಬೇಗ ಮುಚ್ಚಿದರೆ ಗಾಡಿ ಮೇಲಿನ ಸ್ಪೀಡಿಗೆ ಹೋಗುವುದೇ ಇಲ್ಲ. ಹಿಂಬದಿಯ ಅಂಚನ್ನು ಅರ ಹಾಕಿ ಅಷ್ಟೇ ತೆಗೆದೆ. ಅಂಚಿಗೆ ಕೊಟ್ಟ ಇಳಿಜಾರಿನ ಲೆಕ್ಕ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೋರ್ ಮಾಡಿಸುವ ಮುಂಚೆ ಇನ್ನೊಂದು ಪ್ರಯೋಗ ಮಾಡಿದೆ. ಬೋಂಡಾ ಕರಿಯುವ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಹಳೆಯ ಮತ್ತು ಹೊಸ ಪಿಸ್ಟನ್ ಎರಡನ್ನೂ ಮುಳುಗಿಸಿ, ತೆಗೆದ ತಕ್ಷಣ ಮೈಕ್ರೋಮೀಟರ್ ಹಿಡಿದೆ. ಹೊಸದು 0.02, 0.03 ಜಾಸ್ತಿ ಹಿಗ್ಗಿತ್ತು. ಹಾಗಾಗಿ ಪಿಸ್ಟನ್ ಮತ್ತು ಬೋರ್ ನಡುವಿನ ಕ್ಲಿಯರೆನ್ಸ್ 0.08 ಮಿ.ಮೀ. ಇಡಿಸಿದೆ. ಲೇತ್‌ನವರು 0.05 ಸಾಕು ಎಂದು ಹಟ ಹಿಡಿದಿದ್ದರು. ಬಾಣಲೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಹೊಸದು ತಂದುಕೊಟ್ಟೆ.

ತೂಕವನ್ನೂ ಬಿಡಲಿಲ್ಲ. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಪಿನ್ನು, ರಿಂಗು ಸಮೇತ ತೂಗಿದರೆ ಹೊಸ ಪಿಸ್ಟನ್ ಇಪ್ಪತ್ತೈದು ಗ್ರಾಂ ಭಾರ. ಅರವತ್ತರ ಸ್ಪೀಡಿನಲ್ಲಿ ಹ್ಯಾಂಡಲ್ ಝುಮ್ಮೆನ್ನುತ್ತಿದ್ದದ್ದು ಇದರಿಂದಲೇ. ಒಳಗಿನ ದಪ್ಪ ಜಾಗಗಳಲ್ಲಿ ಸವೆಸಿ ಹದಿನೆಂಟು ಗ್ರಾಂ ಇಳಿಸಿದೆ. ಪಿನ್ ಕೂರುವ ಗುಬ್ಬಿಯನ್ನು ಮುಟ್ಟಲಿಲ್ಲ. ರಾಡಿನ ಮೇಲ್ಗಣ್ಣಿನ ಬುಷ್‌ಗೆ (ಸ್ಮಾಲ್ ಎಂಡ್) ನಾನೇ ರೀಮರ್ ಹಾಕಿ ತೂತನ್ನು ಅಳತೆಗೆ ತಂದೆ. ಎಣ್ಣೆ ಸವರಿದ ಪಿನ್ ಹೆಬ್ಬೆರಳಲ್ಲಿ ಒತ್ತಿದರೆ ಹೋಗಬೇಕು, ತಾನಾಗಿ ಜಾರಬಾರದು. ಹೊಸ ರಾಡ್ ಕೂರಿಸಿದ ಮೇಲೆ ಕ್ರ್ಯಾಂಕ್ ಪ್ರೆಸ್ ಮಾಡಿ ನೇರ ಮಾಡಬೇಕು. ನನಗೆ ಅರ್ಧ ದಿನ ಹಿಡಿಯಿತು.

ಹೆಡ್ ಬಿಗಿದ ಮೇಲೆ, ಪಿಸ್ಟನ್ ತಲೆಗೂ ಹೆಡ್‌ಗೂ ನಡುವೆ ಎಷ್ಟು ಸಂದಿ ಉಳಿದಿದೆ ಎಂದು ನೋಡಲು ಪ್ಲಗ್ ತೂತಿನಿಂದ ಬೆಸುಗೆ ಸೀಸದ ತಂತಿ ಬಿಟ್ಟು ಕಿಕ್ಕರ್ ತಿರುಗಿಸಿದೆ. ಜಜ್ಜಿದ ತಂತಿಯ ದಪ್ಪ ಹಳೆಯ ಸೆಟ್‌ನಲ್ಲಿ ಬಂದಷ್ಟೇ ಬಂತು. ಆವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮೊದಲ ಐನೂರು ಕಿಲೋಮೀಟರ್ ಶ್ರೀರಂಗಪಟ್ಟಣಕ್ಕೆ ಹೋಗಿ ಬರುವುದೇ ಕೆಲಸ. ಪೆಟ್ರೋಲ್ ಲೀಟರಿಗೆ 40 ಎಂ.ಎಲ್. ಆಯಿಲ್, ಸ್ಪೀಡು ನಲವತ್ತೈದು ದಾಟಲಿಲ್ಲ. ಆಮೇಲೆ ಅದೇ ಬೆಟ್ಟಕ್ಕೆ, ಹಿಂದೆ ತಮ್ಮನನ್ನು ಕೂರಿಸಿಕೊಂಡು, ಒಂದೇ ಉಸಿರಿಗೆ ಹತ್ತಿಸಿದೆ. ಈ ನಾಲ್ಕನೇ ಸಲದ ಖರ್ಚು ಐದೂವರೆ ಸಾವಿರದ ಒಳಗೇ ಮುಗಿಯಿತು. ಆ ಅಂಗಡಿಯ ಮೂಲೆಯಲ್ಲಿ ಅಂಥ ರಾಡ್ ಇನ್ನೂ ಎರಡು ಇದ್ದವು. ಎರಡನ್ನೂ ತಂದಿಟ್ಟುಕೊಂಡಿದ್ದೇನೆ.