ಗಿಡದ ಮನೆ ಮರದ್ದೇ ಬೇಕಾ? ಮೊದಲು ಕಂಬದ ಬುಡ ನೋಡಿ

ನಮ್ಮ ಮಲೆನಾಡಲ್ಲಿ ಈಗ ಮನೆಮನೆಗೂ ಗ್ರೀನ್‌ಹೌಸ್ ಹುಚ್ಚು. ಇರ್ಲಿ, ಆಂಥೂರಿಯಂ, ಬಿಗೋನಿಯಾ, ಸೀತಾಳೆ ದಂಡೆ ಅಂತ ಹೆಣ್ಮಕ್ಕಳು ಅಂಗಳದ ಬದಿಗೆ ಕುಂಡ ಜೋಡಿಸ್ಕೊಳೋದು ನಂಗೂ ಖುಷಿನೇ, ಆದ್ರೆ ಫೋನಲ್ಲಿ ಫೋಟೋ ನೋಡಿ, ಬಿಳಿ ಬಣ್ಣ, ಚಂದದ ಕಿಟಕಿ, ಅಂತ ಆರ್ಡರ್ ಮಾಡ್ತಾರಲ್ಲ ಮಾರಾಯ್ರೆ, ಅದನ್ನ ನೋಡಿದ್ರೆ ಮೈ ಉರಿಯತ್ತೆ. ನಮ್ಮ ತಮ್ಮನ ಸೊಸೆ ಹಾಗೇ ಒಂದು ತರಿಸಿದ್ಲು. ಪೈನ್ ಮರ, ಪ್ಯಾಕಿಂಗ್ ಪೆಟ್ಟಿಗೆಗೆ ಹಾಕ್ತಾರಲ್ಲ, ಅದೇ ಜಾತಿ. ಆರಿದ್ರಾ ಮಳೆ ಹಿಡಿದಿದ್ದೇ ತಡ ಬಣ್ಣದ ಅಡಿಯಿಂದ ಕಪ್ಪು ಬೂಷ್ಟು ಎದ್ದಿತು, ಬಾಗಿಲು ಉಬ್ಬಿ ಮುಚ್ಚೋಕಾಗದ ಹಾಗಾಯ್ತು, ತಿರುಗಣಿ ತುಕ್ಕು, ಕಂಬದ ಬುಡಕ್ಕೆ ಉಗುರು ಚುಚ್ಚಿದ್ರೆ ಒಳಗೆ ಹೋಗತ್ತೆ. ಕೇಳಿದ್ರೆ "ಟ್ರೀಟೆಡ್ ವುಡ್ ಅಂತ ಬರೆದಿತ್ತು ಅತ್ತೆ" ಅಂತಾಳೆ. ಬರೀತಾರೆ, ಬರೆಯೋಕೇನು.

ಮೊದಲು ಒಂದು ವಿಷಯ ತಲೆಗೆ ಹಾಕ್ಕೊಳಿ. ಇಂಗ್ಲೆಂಡ್ ಕಡೆಯೋರು ಸೀಡರ್ ಮರದ ಚೌಕಟ್ಟಿಗೆ ಗಾಜು ಹಾಕಿ ಕಟ್ಟೋದು ಚಳಿಗೆ ಗಿಡ ಸಾಯಬಾರದು, ಒಳಗೆ ಬಿಸಿ ನಿಲ್ಲಬೇಕು ಅಂತ. ನಮಗೆ ಬಿಸಿ ಯಾಕೆ? ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಸುರಿಯೋ ಊರಲ್ಲಿ ನಮಗೆ ಬೇಕಿರೋದು ನೆತ್ತಿ ಮೇಲೆ ನೀರು ಬೀಳದ ಹಾಗೆ ಒಂದು ಮಾಡು, ಪಕ್ಕದಲ್ಲಿ ಗಾಳಿ. ಅಷ್ಟೇ. ಸುತ್ತ ಮುಚ್ಚಿದ ಪೆಟ್ಟಿಗೆ ತಂದಿಟ್ರೆ ಏಪ್ರಿಲಲ್ಲಿ ಗಿಡ ಬೇಯತ್ತೆ, ಜುಲೈಯಲ್ಲಿ ಕೊಳೆಯತ್ತೆ. ಲಾಲ್‌ಬಾಗ್ ಥರ ಗಾಜಿಂದು ಮಾಡಿಸ್ತೀನಿ ಅಂತ ಒಬ್ಬ ಹುಡುಗ ಹೊರಟಿದ್ದ, ಆ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು, ಅದು ಕಬ್ಬಿಣದ್ದಪ್ಪಾ, ನಿನ್ನ ಅಂಗಳದಲ್ಲಿ ತೆಂಗಿನ ಗರಿ ಒಂದು ಬಿದ್ರೆ ಗಾಜು ಆರಿಸ್ತಾ ಕೂತಿರ್ತೀಯ ಅಂದೆ. ಸುಮ್ಮನಾದ.

ಮರ ಯಾವುದು ಅಂತ ಕೇಳಿದ್ರೆ ನಾನು ಹೇಳೋದು, ಹಳೇ ಮನೆ ಬಿಚ್ಚೋರ ಹತ್ರ ಹೋಗಿ. ಹೊಸ ಮನೆ ಕಟ್ಟೋ ಭರಾಟೇಲಿ ಜನ ಬೋಗಿ, ಹೊನ್ನೆ, ಹೆಬ್ಬಲಸು ಮರಗಳ ಪಕಾಸು ರೀಪು ಎಲ್ಲ ಕೊಟ್ಟಿಗೆ ಹಿಂದೆ ರಾಶಿ ಹಾಕಿರ್ತಾರೆ, ಸೌದೆ ರೇಟಿಗೆ ಸಿಗತ್ತೆ. ಅಷ್ಟು ವರ್ಷ ಒಣಗಿದ ಮರ ಇನ್ನು ಸೊಟ್ಟ ಆಗಲ್ಲ. ಹೊಸ ಮರವೇ ತಗೊಳೋದಾದ್ರೆ ಕೊಯ್ದ ಮುಖ ನೋಡಿ, ನಡುವಿನ ಕಪ್ಪು ಚೇಗು ಇದೆಯಲ್ಲ ಅದು ಮರ, ಸುತ್ತ ಬೆಳ್ಳಗಿರೋದು ಕುಟ್ಟೆ ಹುಳದ ಊಟ. ಸಿಲ್ವರ್ ಓಕ್ ಅಗ್ಗ ಅಂತ ಕಂಬಕ್ಕೆ ತರಬೇಡಿ, ಒರಲೆಗೆ ಬಲು ಪ್ರೀತಿ. ನೀಲಗಿರಿ ಸೀಳು ಬಿಡತ್ತೆ. ಅಕೇಶಿಯಾದ ಚೇಗು ಪರವಾಗಿಲ್ಲ. ಅಡಿಕೆ ದಬ್ಬೆ ಮೇಲ್ಗಡೆ ಅಡ್ಡಕ್ಕೆ ಹಾಕಿ, ಹಳೇ ಮರದ್ದು, ಮಾಡಿನ ಪ್ಲಾಸ್ಟಿಕ್ ಶೀಟಿನ ಅಡಿಗೆ ನೆನೆಯದ ಹಾಗೆ ಇದ್ರೆ ಚೆನ್ನಾಗಿ ಬರತ್ತೆ, ಮಣ್ಣಿಗೆ ಮಾತ್ರ ತಾಗಿಸಬೇಡಿ. ಬಿದಿರಾದ್ರೆ ಹರಿಯೋ ನೀರಲ್ಲಿ ಕೆಲವು ವಾರ ಮುಳುಗಿಸಿಟ್ಟು ಆಮೇಲೆ ನೆರಳಲ್ಲಿ ಒಣಗಿಸಿ, ಇಲ್ಲಾಂದ್ರೆ ರಾತ್ರಿ ಎಲ್ಲಾ ಕುಟ್ಟೆ ಕೊರೆಯೋ ಸದ್ದು, ಬೆಳಿಗ್ಗೆ ಹೂವಿನೆಲೆ ಮೇಲೆ ಹಿಟ್ಟು.

ಈಗ ಬುಡದ ಮಾತು, ಇದನ್ನ ಮಾತ್ರ ಓದಿ ಬಿಟ್ಟುಬಿಡಬೇಡಿ, ಮಾಡಿ. ಕಂಬ ಕೊಳೆಯೋದು ಮೇಲಲ್ಲ, ಮಣ್ಣಿನ ಅಂಚಲ್ಲಿ, ನೀರೂ ಗಾಳಿನೂ ಎರಡೂ ಸಿಗೋ ಆ ಒಂದು ಗೇಣಲ್ಲಿ. ಅದಕ್ಕೇ ಹಳಬರು ಕಂಬ ಹೂಳ್ತಿರ್ಲಿಲ್ಲ, ಕಲ್ಲಿನ ಮೇಲೆ ನಿಲ್ಲಿಸ್ತಿದ್ರು. ಕಂಬದ ಮೈಗಿಂತ ಹೆಚ್ಚು ನೀರು ಕುಡಿಯೋದು ಅಡ್ಡ ಕೊಯ್ದ ತುದಿ. ನಮ್ಮ ಮಾವನೋರು ಕೊಟ್ಟಿಗೆ ಕಂಬಕ್ಕೆ ಗೇರೆಣ್ಣೆ, ಅಂದ್ರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಕುಡಿಸ್ತಿದ್ರು, ಬಳಿಯೋದಲ್ಲ, ಕುಡಿಸೋದು. ಈಗಿನೋರು ಬ್ರಷ್ ತಗೊಂಡು ಸುತ್ತ ಎರಡು ಸಲ ಎಳೆದು ಆಯ್ತು ಅಂತಾರೆ, ತುದಿ ಮರೆತೇ ಹೋಗಿರತ್ತೆ. ಮಾಡೋದು ಹೀಗೆ: ಶಿವರಾತ್ರಿ ಆಸುಪಾಸಿನ ಒಣ ಬಿಸಿಲಲ್ಲಿ, ಕಂಬವನ್ನ ತಲೆಕೆಳಗಾಗಿ ಗೋಡೆಗೆ ಒರಗಿಸಿ, ಆದಷ್ಟೂ ನೆಟ್ಟಗೆ, ಜಾರದ ಹಾಗೆ ಹಗ್ಗ ಕಟ್ಟಿ. ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ, ಟಣ್ ಅಂತ ಗಟ್ಟಿ ಸದ್ದು ಬರಬೇಕು, ಮಂಕಾಗಿ ದಬ್ ಅಂದ್ರೆ ಇನ್ನೂ ಹಸಿ, ಕಾಯಿರಿ, ಹಸಿ ಮರ ಎಣ್ಣೆ ಕುಡಿಯಲ್ಲ. ಮೇಲಾಗಿರೋ ಆ ಬುಡದ ತುದಿಗೆ ಸುತ್ತ ದಪ್ಪ ಪ್ಲಾಸ್ಟಿಕ್ ಪಟ್ಟಿ ಬಿಗಿದು, ಎರಡು ಬೆರಳು ಮೇಲೆ ಎದ್ದು ನಿಲ್ಲೋ ಹಾಗೆ, ಹೊರಗಿಂದ ಸಂದಿಗೆ ಹದ ಮಾಡಿದ ಜೇಡಿಮಣ್ಣು ಮೆತ್ತಿ. ಈಗ ಕಂಬದ ತುದೀಲಿ ಒಂದು ಬಟ್ಟಲಾಯ್ತಲ್ಲ, ಅದಕ್ಕೆ ಗೇರೆಣ್ಣೆ ಹಾಕಿ. ಎಣ್ಣೆ ಜೋನಿಬೆಲ್ಲದ ಥರ ಮಂದ ಇದ್ರೆ ಡಬ್ಬಾನ ಒಂದೊತ್ತು ಬಿಸಿಲಿಗಿಡಿ, ಒಲೆ ಮೇಲೆ ಖಂಡಿತ ಬೇಡ, ಹೊಗೆಗೆ ಕಣ್ಣು ಗಂಟಲು ಹಿಡಿಯತ್ತೆ, ಬೆಂಕಿನೂ ಹತ್ತತ್ತೆ. ಸಂಜೆ ಹಾಕಿದ್ದು ಬೆಳಿಗ್ಗೆಗೆ ಇಳಿದಿರತ್ತೆ, ಮತ್ತೆ ಹಾಕಿ, ಮತ್ತೆ ಇಳಿಯತ್ತೆ, ಇನ್ನು ಕುಡಿಯಲ್ಲ, ಹಾಗೇ ನಿಂತಿದೆ ಅನ್ನೋವರೆಗೂ ಹಾಕ್ತಾ ಇರಿ. ಆಮೇಲೆ ಪಟ್ಟಿ ಬಿಚ್ಚಿ, ಬುಡದಿಂದ ಒಂದು ಮೊಳ ಸುತ್ತಲೂ ಬಟ್ಟೆಯುಂಡೆಯಲ್ಲಿ ತಿಕ್ಕಿ, ಕೈಗೆ ಅಂಟದ ಹಾಗೆ ಒಣಗೋವರೆಗೂ ಬಿಸಿಲಿಗೆ ಬಿಡಿ. ಕೈಗೆ ಗ್ಲೌಸ್, ತುಂಬು ತೋಳಿನ ಹಳೇ ಅಂಗಿ, ಅದನ್ನ ಹಾಕೋ ಮೊದಲು ಮೊಣಕೈವರೆಗೆ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರ್ಕೊಳಿ. ಗೇರೆಣ್ಣೆ ಚರ್ಮಕ್ಕೆ ತಾಗಿದ್ರೆ ಸುಟ್ಟ ಹಾಗೆ ಬೊಬ್ಬೆ ಏಳತ್ತೆ, ನಂಗೇನಾಗಲ್ಲ ಅನ್ನೋ ಗಂಡಸ್ರಿಗೂ ಏಳತ್ತೆ. ಮಕ್ಕಳನ್ನ ಆ ಕಡೆ ಬಿಡಬೇಡಿ. ಮಾವನೋರು ಹೀಗೆ ಕುಡಿಸಿದ ಕಂಬ ಗಂಜಲ ಸೆಗಣಿ ಮಧ್ಯೆ ನಿಂತಿದ್ದು, ಅವರು ಹೋಗಿ, ಎಮ್ಮೆಗಳು ಹೋಗಿ, ಈಗ ಅದೇ ಕೊಟ್ಟಿಗೇಲಿ ಮೊಮ್ಮಗನ ಬೈಕ್ ನಿಲ್ಲತ್ತೆ, ಕಂಬ ಹಾಗೇ ಇದೆ.

ನಿಲ್ಲಿಸೋದು ಜಂಬಿಟ್ಟಿಗೆ ಕಲ್ಲಿನ ಮೇಲೆ, ನೆಲದಿಂದ ಒಂದು ಗೇಣಾದ್ರೂ ಎತ್ತರ, ಮೇಲೆ ಸಿಮೆಂಟಲ್ಲಿ ಸ್ವಲ್ಪ ಹೊರಕ್ಕೆ ಇಳಿಜಾರು ಕೊಟ್ಟು, ನೀರು ನಿಲ್ಲಬಾರದು. ಕಾಂಕ್ರೀಟಲ್ಲಿ ಕೂರಿಸಿದ ಕಬ್ಬಿಣದ ಪಟ್ಟಿ ಕಂಬದ ಎರಡೂ ಕಡೆ ಬರಲಿ, ಬೋಲ್ಟ್ ಬಿಗಿಸಿ. ಭಾರಕ್ಕೆ ನಿಲ್ಲತ್ತೆ ಬಿಡಿ ಅಂತ ಆಚಾರಿ ಹೇಳ್ತಾನೆ, ಕೇಳಬೇಡಿ, ಪಡುವಣ ಗಾಳಿ ಶೀಟಿನಡಿ ಹೊಕ್ಕರೆ ಇಡೀ ಮಾಡು ಎದ್ದು ಪಕ್ಕದ ತೋಟಕ್ಕೆ ಹೋಗತ್ತೆ.

ಮಾಡಿನ ಇಳಿಜಾರು ಹೆಂಚಿನ ಮನೆಗಿರೋ ಅಷ್ಟು ಇರಲಿ. ಶೀಟು 200 ಮೈಕ್ರಾನ್ ದಪ್ಪದ್ದು, ಬಿಸಿಲು ತಡೆಯೋ ಯು.ವಿ. ಹಾಕಿದ್ದು ಅಂತ ಕೇಳಿ ತಗೊಳಿ, ಅಂಗಡಿಯ ಮಾಮೂಲಿ ಟಾರ್ಪಾಲ್ ಬೇಡ. ಮೂರ್ನಾಲ್ಕು ವರ್ಷಕ್ಕೆ ಅದೂ ಬದಲಾಯಿಸಬೇಕು, ಬೇಜಾರು ಮಾಡ್ಕೋಬೇಡಿ. ಮೊಳೆ ಹೊಡೆದ್ರೆ ಅಲ್ಲಿಂದಲೇ ಹರಿಯತ್ತೆ, ಪಾಲಿಹೌಸಿನೋರು ಶೀಟು ಸಿಕ್ಕಿಸೋಕೆ ಹಾಕೋ ಅಲ್ಯೂಮಿನಿಯಂ ಪ್ರೊಫೈಲು, ಅಂದ್ರೆ ಕಾಲುವೆ ಥರದ ಪಟ್ಟಿ, ಅದರೊಳಗೆ ಒತ್ತೋ ಜಿಗ್‌ಜಾಗ್ ಸ್ಪ್ರಿಂಗು ಸಿಗತ್ತೆ, ಅದನ್ನೇ ಹಾಕಿಸಿ, ಮರದ ಅಂಚು ತಾಗೋ ಕಡೆ ಹಳೇ ಸೀರೆ ಮಡಿಚಿ ಕಟ್ಟಿ. ಆಂಥೂರಿಯಂಗೆ ಶೀಟಿನ ಅಡಿಗೆ 75 ಪರ್ಸೆಂಟ್ ನೆರಳಿನ ಬಲೆ ಬೇಕು. ಸೊಂಟದ ಮಟ್ಟದವರೆಗೆ ಸುತ್ತ ಬರೀ ಬಲೆ. ಎರಚಲು ಬರೋ ಪಶ್ಚಿಮಕ್ಕೆ ಮಾತ್ರ ಮಳೆಗಾಲದಲ್ಲಿ ಜಡಿತಟ್ಟಿ ಕಟ್ಟಿ, ನವರಾತ್ರಿಗೆ ಬಿಚ್ಚಿ.

ಹಾಂ, ಬೇಸಿಗೇಲಿ ಅದರೊಳಗೆ ಹಲಸಿನ ಹಪ್ಪಳ ಒಣಗಿಸ್ತಾರೆ ಕೆಲವರು, ಧೂಳು ಕಾಗೆ ಕಾಟ ಇಲ್ಲ ಅಂತ. ಒಣಗಿಸಿ, ಆದ್ರೆ ಒಳಗೆ ಬಿಸಿ ಜಾಸ್ತಿ, ಒಂದು ಮಗ್ಗುಲು ಪೂರ್ತಿ ಗರಿಗರಿ ಆಗೋ ತನಕ ಬಿಟ್ರೆ ಎಲ್ಲಾ ಮುದುರಿ ದೊನ್ನೆಯಾಗತ್ತೆ. ಬಗ್ಗಿಸಿದ್ರೆ ಬಗ್ಗೋ ಹಾಗಿರುವಾಗಲೇ ಮಗುಚಿ ಹಾಕಿ, ಆಮೇಲೆ ಒಂದರ ಮೇಲೊಂದು ಜೋಡಿಸಿ, ಮೇಲೆ ಮಣೆ ಇಡಿ. ಇದನ್ನೂ ಹೇಳ್ಕೊಡಬೇಕಾ ಅನ್ಸತ್ತೆ, ಹೇಳ್ಕೊಡಬೇಕಾಗಿದೆ.

ಬಾಗಿಲು ಪೂರ್ವಕ್ಕೆ ಇಡಿ, ಮತ್ತೆ ಅಗಲ ಇಡಿ. ಗೊಬ್ಬರದ ಬುಟ್ಟಿ ಸೊಂಟಕ್ಕಿಟ್ಕೊಂಡು ಸೀದಾ ಒಳಗೆ ನಡೆಯೋ ಹಾಗಿರಬೇಕು. ತಮ್ಮನ ಸೊಸೆ ತರಿಸಿದ್ದರಲ್ಲಿ ನಾನು ಅಡ್ಡ ತಿರುಗಿ, ಉಸಿರು ಹಿಡಿದು ಹೋಗ್ಬೇಕಿತ್ತು.