"ದುಡ್ಡು ಕೊಟ್ಟವರು ಯಾರು ಸಾರ್?"

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಮುಂದೆ ನಿಂತು ಕತೆ ಹೇಳೋದು ನನ್ನ ಹೊಟ್ಟೆಪಾಡು. ಬೆಳಗಿನಿಂದ ಬೆಟ್ಟ, ಅರಮನೆ, ಝೂ ಸುತ್ತಿದ ಪಾರ್ಟಿ ಇಲ್ಲಿ ಬಸ್ಸಿನಿಂದ ಇಳಿಯುವ ಹೊತ್ತಿಗೆ ಅರ್ಧ ಜನಕ್ಕೆ ಕಾಲುನೋವು, ಇನ್ನರ್ಧ ಜನಕ್ಕೆ ಕಾಫಿ ಚಿಂತೆ. ಹತ್ತು ನಿಮಿಷ ಕಿವಿಗೊಟ್ಟರೆ ನನ್ನ ಪುಣ್ಯ. ಮೊದಮೊದಲು ನಾನೂ ಎಲ್ಲರ ಹಾಗೆ ಉರುಹೊಡೆದ ಪಾಠ ಒಪ್ಪಿಸುತ್ತಿದ್ದೆ: ಏಷ್ಯಾದಲ್ಲೇ ಎರಡನೆಯ ಎತ್ತರದ ಚರ್ಚು, ಜರ್ಮನಿಯ ಕಲೋನ್ ಕೆಥೆಡ್ರಲ್ಲಿನ ಪಡಿಯಚ್ಚು, ಮಹಾರಾಜರು ಕಟ್ಟಿಸಿದ್ದು, ಬೇಗ ಬೇಗ ನೋಡ್ಕೊಂಡು ಬನ್ನಿ, ಬಸ್ಸು ಹೊರಡುತ್ತೆ.

ಆ ಪಾಠ ಬಿಡಿಸಿದ್ದು ಜನರ ಒಂದು ಪ್ರಶ್ನೆ. ಗುಜರಾತಿನವರಿರಲಿ, ಗುಲ್ಬರ್ಗದವರಿರಲಿ, ತಲೆಯೆತ್ತಿ ಆ ಜೋಡಿ ಗೋಪುರ ನೋಡಿದ ಕೂಡಲೇ ಕೇಳೋದು ಇಷ್ಟೇ: "ದುಡ್ಡು ಕೊಟ್ಟವರು ಯಾರು ಸಾರ್?" ಮಹಾರಾಜರು ಅಂದರೆ ಹಿಂದೆಯೇ ಇನ್ನೊಂದು: "ಅವರು ಹಿಂದೂ ಅಲ್ವಾ, ಚರ್ಚಿಗೆ ಯಾಕೆ ಕೊಟ್ರು?" ಅಲ್ಲಿಗೆ ನನ್ನ ಬಾಯಿ ಕಟ್ಟುತ್ತಿತ್ತು. "ದೊಡ್ಡ ಮನಸ್ಸು" ಅಂತ ತೇಲಿಸಿ ಒಳಗೆ ಕಳಿಸಿಬಿಡುತ್ತಿದ್ದೆ. ದೊಡ್ಡ ಮನಸ್ಸು ಸುಳ್ಳಲ್ಲ. ಆದರೆ ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ ಅಂತ ನನಗೇ ಅನ್ನಿಸುತ್ತಿತ್ತು.

ಮಳೆಗಾಲದಲ್ಲಿ ಪಾರ್ಟಿ ಕಡಿಮೆ. ಆಗ ಲೈಬ್ರರಿಯಲ್ಲಿ ಕೂತು ಓದೋಕೆ ಶುರು ಮಾಡಿದೆ. ಅರ್ಧ ಓದಿದವನ ಹುರುಪು ಗೊತ್ತಲ್ಲ, ಮುಂದಿನ ವಾರವೇ ಗುಂಪಿನ ಮುಂದೆ ಗಟ್ಟಿಯಾಗಿ ಹೇಳಿದೆ: "1926ರಲ್ಲಿ ದಿವಾನ್ ತಂಬುಚೆಟ್ಟಿಯವರು ಸಂತ ಫಿಲೋಮಿನಾರ ಪವಿತ್ರ ಅವಶೇಷವನ್ನ, ಅಂದರೆ ಪೂಜೆಗೆ ಕಾಪಿಟ್ಟ ದೇಹದ ತುಣುಕನ್ನ, ತರಿಸಿಕೊಟ್ಟರು." ಹಿಂದೆ ಛತ್ರಿ ಊರಿಕೊಂಡು ನಿಂತಿದ್ದ ಹಿರಿಯರೊಬ್ಬರು ಮೆತ್ತಗೆ ಕೇಳಿದರು: "ಏನಪ್ಪಾ, ದಿವಾನಗಿರಿ ನೋಡಿಕೊಂಡ ತಂಬುಚೆಟ್ಟಿ ತೀರಿಕೊಂಡದ್ದು 1907ರಲ್ಲಿ. ಸತ್ತು ಹತ್ತೊಂಬತ್ತು ವರ್ಷ ಆದಮೇಲೆ ಹೇಗೆ ತರಿಸಿಕೊಟ್ರು?" ಗುಂಪು ಗೊಳ್ಳೆಂದಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಅಪ್ಪ ಮಗ ಇಬ್ಬರನ್ನೂ ಒಬ್ಬರೇ ಮಾಡಿಬಿಟ್ಟಿದ್ದೆ. ಅಪ್ಪ ಮೈಸೂರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದವರು, ಹಂಗಾಮಿ ದಿವಾನರೂ ಆಗಿದ್ದವರು. ಮಗ ಸರ್ ಟಿ. ತಂಬುಚೆಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹುಜೂರ್ ಕಾರ್ಯದರ್ಶಿ. ಇಬ್ಬರೂ ಕಥೋಲಿಕರು. ಈ ತಪ್ಪು ತಿದ್ದಿಕೊಳ್ಳುವಾಗಲೇ ಜನರ ಪ್ರಶ್ನೆಗೆ ಉತ್ತರದ ತುದಿ ಸಿಕ್ಕಿತು. ಯಾಕೆ ಕೊಟ್ಟರು ಅನ್ನೋದನ್ನ ಪಕ್ಕಕ್ಕಿಟ್ಟು, ಕೇಳಿದವರು ಯಾರು ಅಂತ ನೋಡಿದೆ. ಪೋಪ್ ಪ್ರತಿನಿಧಿಯಾಗಿ ಈ ಕಡೆ ಇದ್ದ ಪೀಟರ್ ಪಿಸಾನಿಯವರಿಂದ ಫಿಲೋಮಿನಾಳ ಅವಶೇಷ ಪಡೆದವರು ಈ ಕಾರ್ಯದರ್ಶಿ. ಅದು ಫಾದರ್ ಕೋಶೆ ಅವರ ಕೈಸೇರಿತು. ಫಿಲೋಮಿನಾಳ ಹೆಸರಲ್ಲಿ ಒಂದು ಚರ್ಚು ಕಟ್ಟೋಕೆ ನೆರವಾಗಬೇಕು ಅಂತ ಫಾದರ್ ಮಹಾರಾಜರ ಹತ್ತಿರ ಹೋದರು. ದೊರೆಗಳ ಕಾಗದಪತ್ರ ನೋಡುವ ಮನುಷ್ಯನೇ ತರಿಸಿದ ಅವಶೇಷ ಅದು! ಆ ಅರ್ಜಿ ಯಾವ ಮೇಜಿನ ಮೇಲೂ ಧೂಳು ತಿನ್ನುತ್ತಾ ಕೂರುವಂಥದ್ದಲ್ಲ ಅನ್ನೋದು ನನ್ನ ಲೆಕ್ಕ.

ಇನ್ನೊಂದು, ಮಹಾರಾಜರಿಗೆ ಇದು ಹೊಸ ಬಾಬತ್ತೂ ಅಲ್ಲ. ಅವರ ಅಜ್ಜ ಮುಮ್ಮಡಿ ಕೃಷ್ಣರಾಜ ಒಡೆಯರು 1843ರಲ್ಲೇ ಇಲ್ಲಿ ಸಣ್ಣದೊಂದು ಚರ್ಚು ಕಟ್ಟಿಸಿಕೊಟ್ಟಿದ್ದರು. ಅದರ ಶಾಸನ ಶಕವರ್ಷ ಹಿಡಿಯೋದಿಲ್ಲ. ಯೇಸುಕ್ರಿಸ್ತ ಮನುಷ್ಯನಾಗಿ ಅವತರಿಸಿ 1843 ವರ್ಷವಾದ ಮೇಲೆ ಇದನ್ನ ಕಟ್ಟಲಾಯಿತು ಅನ್ನುತ್ತೆ. ಅಜ್ಜ ಕೊಟ್ಟದ್ದು ಚಿಕ್ಕದಾಯಿತು, ಮೊಮ್ಮಗ ದೊಡ್ಡದು ಮಾಡಿಸಿದರು. ಹೀಗೆ ಹೇಳಿದರೆ ನಮ್ಮ ಕಡೆಯ ಯಾವ ಅಜ್ಜಿಗೂ ವಿವರಣೆ ಬೇಕಾಗೋದಿಲ್ಲ.

1933ರ ಅಕ್ಟೋಬರ್ 28ರಂದು ನಾಲ್ವಡಿಯವರೇ ಅಡಿಗಲ್ಲಿಟ್ಟರು. ಆ ದಿನ ಆಡಿದ ಮಾತಲ್ಲಿ ಈ ಹೊಸ ಚರ್ಚಿಗೆ ಎರಡು ಅಡಿಪಾಯ ಅಂದರು: ಒಂದು ದೈವದ ಕರುಣೆ, ಇನ್ನೊಂದು ಮನುಷ್ಯರ ಕೃತಜ್ಞತೆ. ಕೊಟ್ಟವರು ತಾವು, ಆದರೆ ಆ ಮಾತಲ್ಲಿ ಕೊಟ್ಟವರ ಸುದ್ದಿಯೇ ಇಲ್ಲ. ಇದನ್ನ ಹೇಳುವಾಗ ನಾನು ದನಿ ಏರಿಸೋದಿಲ್ಲ. ಏರಿಸಿದರೆ ಭಾಷಣವಾಗುತ್ತೆ, ಜನ ಮೊಬೈಲ್ ತೆಗೀತಾರೆ.

ಎತ್ತರದ ಬಡಾಯಿಯನ್ನೂ ಬಿಟ್ಟೆ. ನಮ್ಮ ಗೋಪುರ 175 ಅಡಿ, ಸುಮಾರು 53 ಮೀಟರ್. ಕಲೋನಿನದು 157 ಮೀಟರ್. ಅದರ ಮೂರನೇ ಒಂದು ಪಾಲನ್ನ ಪಡಿಯಚ್ಚು ಅಂದರೆ ನೋಡಿಬಂದವರು ನಗುತ್ತಾರೆ. ನಕ್ಷೆ ಮಾಡಿದವರು ಡೇಲಿ ಅನ್ನೋ ಫ್ರೆಂಚರು. ಮೇಲೆ ಹೋಗುತ್ತಾ ಚೂಪಾಗುವ ಜೋಡಿ ಗೋಪುರದ ಧಾಟಿ ಮಾತ್ರ ಅಲ್ಲಿನದು ಅಂತ ಈಗ ಹೇಳ್ತೀನಿ. ಆದರೆ ಕಲೋನನ್ನ ಪೂರ್ತಿ ಕೈಬಿಟ್ಟಿಲ್ಲ, ಯಾಕೆಂದರೆ ಅಲ್ಲಿ ನನಗೆ ಗೋಪುರಕ್ಕಿಂತ ಒಳ್ಳೆಯ ಹೋಲಿಕೆ ಸಿಕ್ಕಿತು. 1248ರಲ್ಲಿ ಶುರುವಾದ ಆ ಕೆಲಸ ಅರ್ಧಕ್ಕೆ ನಿಂತು ನೂರಾರು ವರ್ಷ ಹಾಗೇ ಬಿದ್ದಿತ್ತು. 1842ರಲ್ಲಿ ಮತ್ತೆ ಅಡಿಗಲ್ಲಿಟ್ಟವನು ಆಗ ಆ ಊರನ್ನಾಳುತ್ತಿದ್ದ ಪ್ರಷ್ಯಾದ ದೊರೆ ನಾಲ್ಕನೆಯ ಫ್ರೆಡ್ರಿಕ್ ವಿಲ್ಹೆಲ್ಮ್. ಅವನು ಪ್ರಾಟೆಸ್ಟಂಟ್, ಕಟ್ಟಡ ಕಥೋಲಿಕರದು. ದೊರೆಯ ದುಡ್ಡೊಂದೇ ಅಲ್ಲ, ಊರವರು ಸಂಘ ಕಟ್ಟಿ ಚಂದಾ ಎತ್ತಿದರು, ಲಾಟರಿಯನ್ನೂ ನಡೆಸಿದರು, 1880ಕ್ಕೆ ಗೋಪುರ ಮುಗಿಯಿತು. ಅಲ್ಲಿ 1842, ಇಲ್ಲಿ ಮುಮ್ಮಡಿಯವರದು 1843. "ಹಿಂದೂ ರಾಜ ಚರ್ಚಿಗೆ ಯಾಕೆ ಕೊಟ್ರು" ಅಂತ ಯಾರಾದರೂ ತುಸು ಖಾರವಾಗಿ ಕೇಳಿದಾಗ ಈ ಜೋಡಿ ಇಸವಿ ಮುಂದಿಡ್ತೀನಿ. ತನ್ನದಲ್ಲದ ಮತದ ಗುಡಿಗೆ ದೊರೆ ಕಲ್ಲಿಡೋದು ಮೈಸೂರಿನ ಪವಾಡವೇನಲ್ಲ, ದೊರೆತನದ ಕೆಲಸವೂ ಹೌದು.

ಮಹಾರಾಜರು ಕೆಥೆಡ್ರಲ್ ಕಟ್ಟಿಸಿದರು ಅನ್ನೋ ಮಾತಲ್ಲೂ ಸಣ್ಣ ಎಡವಟ್ಟಿದೆ. ಕೆಥೆಡ್ರಲ್ ಅಂದರೆ ಧರ್ಮಾಧ್ಯಕ್ಷರ ಪೀಠ ಇರುವ ಚರ್ಚು. ಅಡಿಗಲ್ಲಿಟ್ಟಾಗ ಮೈಸೂರು ಪ್ರಾಂತ್ಯದ ಬಿಷಪ್ಪರು ಇರುತ್ತಿದ್ದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಬೇರೆ ಧರ್ಮಪ್ರಾಂತ್ಯವಾದ ಮೇಲೆಯೇ ಬಿಷಪ್ಪರ ಪೀಠ ಮೈಸೂರಿಗೆ ಬಂದದ್ದು, ಅದೇ ವರ್ಷ ಆಗಸ್ಟಿನಲ್ಲಿ ನಾಲ್ವಡಿಯವರೂ ತೀರಿಕೊಂಡರು. ಕೆಲಸವನ್ನ ಪೂರ್ತಿ ಮಾಡಿಸಿದ ಕೀರ್ತಿ ಬಿಷಪ್ ರೆನೆ ಫ್ಯೂಗಾ ಅವರದು.

ಈ ಫ್ರೆಂಚ್ ಹೆಸರುಗಳಿಗೂ ಫಿಲೋಮಿನಾಳಿಗೂ ನಂಟಿದೆ. ಮೈಸೂರು ಮಿಷನ್ನಿನಲ್ಲಿ ದುಡಿಯುತ್ತಿದ್ದವರು ಪ್ಯಾರಿಸ್ ಮಿಷನ್ನಿನ ಪಾದ್ರಿಗಳು. ಅವರ ನಾಡಿನ ಆರ್ಸ್ ಅನ್ನೋ ಹಳ್ಳಿಯ ಸಂತ ಜಾನ್ ವಿಯಾನಿ, ತನ್ನಿಂದಾದ ಪವಾಡಗಳನ್ನೆಲ್ಲ ಫಿಲೋಮಿನಾಳ ಲೆಕ್ಕಕ್ಕೇ ಬರೆದವರು. ಪೀಠದ ಬಳಿಯ ಅವಳ ಪ್ರತಿಮೆ ಬಂದದ್ದೂ ಫ್ರಾನ್ಸಿನಿಂದಲೇ. ಕಥೋಲಿಕರು ಯಾರಾದರೂ ಇದ್ದರೆ ಕಿವಿಯ ಹತ್ತಿರ ಬಂದು, "1961ರಲ್ಲಿ ಅವಳ ಹೆಸರು ತೆಗೆದುಬಿಟ್ರಲ್ಲ?" ಅನ್ನುತ್ತಾರೆ. ತೆಗೆದದ್ದು ಸಂತರ ಹಬ್ಬದ ದಿನಗಳ ಪೂಜಾಪಂಚಾಂಗದಿಂದ. ಪೀಠದ ಕೆಳಗಿನ ನೆಲಮಾಳಿಗೆಗೆ ಮೆಟ್ಟಿಲಿಳಿದು ಹೋಗುವವರ ಸಾಲು ಕರಗಿಲ್ಲ, ನೀವೇ ನೋಡಿ ಅಂತ ತೋರಿಸ್ತೀನಿ.

ಅವಶೇಷ ಇರೋದು ಅಲ್ಲೇ. ಇಳಿಯುವ ಮೊದಲು ಹೊರಗೆ ಮಕ್ಕಳನ್ನ ಮುಂದೆ ಕರೆದು ಜೇಬಿನಿಂದ ಮೂರು ರಟ್ಟಿನ ತುಂಡು ತೆಗೀತೀನಿ. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಸಮಾಧಿಗಳಲ್ಲಿ ಒಂದು ಗೂಡು ಸಿಕ್ಕಿತು. ಅದರ ಬಾಯಿ ಮುಚ್ಚಿದ್ದ ಮೂರು ಹೆಂಚಿನ ಮೇಲೆ ಬಣ್ಣದಲ್ಲಿ ಬರೆದಿತ್ತು: ಲುಮೆನಾ, ಪಾಕ್ಸ್ ತೆ, ಕುಮ್ ಫಿ. ಹಾಗೇ ಓದಿದರೆ ತಲೆಬುಡ ಇಲ್ಲ. ಮಕ್ಕಳು ನೆಲದ ಮೇಲೆ ಅದನ್ನೂ ಇದನ್ನೂ ತಿರುಗಿಸಿ, ಮೊದಲನೆಯದನ್ನ ಕೊನೆಗೆ ಒಯ್ದು ಇಡುತ್ತಾರೆ: ಪಾಕ್ಸ್ ತೆಕುಮ್ ಫಿಲುಮೆನಾ. ನಿನಗೆ ಶಾಂತಿ ಇರಲಿ, ಫಿಲುಮೆನಾ. ಅಲ್ಲೀತನಕ ಐಸ್‌ಕ್ರೀಮ್ ಅಂತ ರಚ್ಚೆ ಹಿಡಿದಿದ್ದ ಹುಡುಗನೂ ಆಮೇಲೆ ಸದ್ದಿಲ್ಲದೆ ಕೆಳಗಿಳಿಯುತ್ತಾನೆ.

ಹೋದ ತಿಂಗಳು ಒಂದು ಪಾಪು "ಕುಮ್ ಫಿ" ತುಂಡನ್ನ ಮುಷ್ಟಿಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿಬಿಟ್ಟಿತು. ಮನೆಯಲ್ಲಿದ್ದ ಮದುವೆ ಕಾಗದದ ಹಿಂಬದಿ ಕತ್ತರಿಸಿ ಇನ್ನೊಂದು ಮಾಡಿಕೊಂಡಿದೀನಿ.